ದೊಮೆಕ್ ಮೈದಾನದ ಒಪ್ಪಂದ ಗೋಡೆಗೆ ಅಂಟಿಸಿ: ಕಾರ್ಕಸೋನ್ ಮೇಯರ್ ಅವರಿಗೊಂದು ಬಹಿರಂಗ ಪತ್ರ

ಫ್ರಾನ್ಸಿನ ಕಾರ್ಕಸೋನ್ ನಗರದ ಮಾನ್ಯ ಮೇಯರ್ ಅವರಿಗೆ, ಮತ್ತು ಆಲ್ಬೆರ್ ದೊಮೆಕ್ ಮೈದಾನವನ್ನು ಹಂಚಿಕೊಂಡಿರುವ ಎರಡೂ ರಗ್ಬಿ ಕ್ಲಬ್ಬುಗಳ ಆಡಳಿತದವರಿಗೆ,

ನಮಸ್ಕಾರ.

ನಾನು ನಿಮ್ಮ ಊರಿನ ಮತದಾರ ಅಲ್ಲ. ವಿಮಾನದ ಕೆಲಸಕ್ಕೆಂದು ಬೆಂಗಳೂರಿನಿಂದ ತುಲೂಸ್‌ಗೆ ಬಂದವನು. ನನ್ನಂಥವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಶನಿವಾರ ಬಂದರೆ ರೈಲು ಹತ್ತಿ ನಿಮ್ಮ ಕೋಟೆ ನೋಡಲು ಬರುತ್ತೇವೆ. ಕೋಟೆ ಎಷ್ಟು ಸಲ ಅಂತ ನೋಡುವುದು? ಈಗ ನಾನು ಬರುವುದು ರಗ್ಬಿಗೆ. ಹದಿಮೂರು ಜನ ಆಡುವ ರಗ್ಬಿ ಲೀಗ್‌ಗೂ ಟಿಕೆಟ್ ಕೊಳ್ಳುತ್ತೇನೆ, ಹದಿನೈದು ಜನ ಆಡುವ ರಗ್ಬಿ ಯೂನಿಯನ್‌ಗೂ ಕೊಳ್ಳುತ್ತೇನೆ. ಅದಕ್ಕೇ ಇರಬೇಕು, ಎರಡೂ ಕಡೆಯವರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ದೊಮೆಕ್ ನಗರದ ಆಸ್ತಿ. ಅದನ್ನು ಯಾವ ಕ್ಲಬ್ಬು ಯಾವ ದಿನ ಬಳಸುತ್ತದೆ, ಎಷ್ಟು ಬಾಡಿಗೆ ಕೊಡುತ್ತದೆ, ಮಳೆ ಬಂದರೆ ಪಂದ್ಯ ನಿಲ್ಲಿಸುವ ಅಧಿಕಾರ ಯಾರದು, ಇಬ್ಬರಿಗೂ ಒಂದೇ ದಿನ ಬೇಕಾದರೆ ಯಾರು ಬಿಟ್ಟುಕೊಡಬೇಕು ಎಂಬುದೆಲ್ಲ ಒಂದೇ ಕಾಗದದಲ್ಲಿರಲಿ. ಅದಕ್ಕೆ ನೀವೂ ಎರಡು ಕ್ಲಬ್ಬುಗಳೂ ಸಹಿ ಹಾಕಿ. ಆ ಕಾಗದವನ್ನು ಮೈದಾನದ ಗೇಟಿನಲ್ಲೂ ಪುರಭವನದ ಗೋಡೆಯ ಮೇಲೂ ಅಂಟಿಸಿ. ಅಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರ ಯಾಕೆ ಅಂದರೆ, ಫ್ರಾನ್ಸಿನ ಈ ಭಾಗದಲ್ಲಿ ಮೈದಾನ ಯಾವತ್ತೂ ಸಣ್ಣ ವಿಷಯ ಆಗಿರಲಿಲ್ಲ.

ಮೇಯರ್ ಅವರೇ, ಸ್ವಲ್ಪ ತಾಳಿ. ಕನ್ನಡದ ಓದುಗರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಕಡೆ ರಗ್ಬಿ ಅಂದರೆ ಒಂದೇ ಆಟ ಅಂದುಕೊಂಡಿದ್ದೇವೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತಲ್ಲ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ಒಂದು ತಂಡವೂ ಇತ್ತಲ್ಲ, ಅದು ಏಳು ಜನರ ಆಟ. ಯೂನಿಯನ್ನಿನದೇ ಚಿಕ್ಕ ರೂಪ. ಹೆಸರಿನಲ್ಲಿ ಲೀಗ್ ಅಂತಿದ್ದರೂ ರಗ್ಬಿ ಲೀಗ್‌ಗೂ ಅದಕ್ಕೂ ಸಂಬಂಧ ಇಲ್ಲ.

ಎರಡು ಆಟ ಬೇರೆಯಾದದ್ದು ಇಂಗ್ಲೆಂಡಿನಲ್ಲಿ, ಕೂಲಿಯ ವಿಷಯಕ್ಕೆ. ಉತ್ತರದ ಊರುಗಳಲ್ಲಿ ರಗ್ಬಿ ಆಡುತ್ತಿದ್ದವರು ಗಣಿ ಮತ್ತು ಗಿರಣಿಯ ಕೆಲಸಗಾರರು. ಶನಿವಾರ ಆಡಲು ಹೋದರೆ ಆ ದಿನದ ಸಂಬಳ ಹೋಗುತ್ತಿತ್ತು. ಆ ನಷ್ಟವನ್ನಾದರೂ ತುಂಬಿಕೊಡಿ ಎಂದರು. ಆಟಕ್ಕೆ ದುಡ್ಡು ಕೊಡುವುದೇ ತಪ್ಪು ಎಂದರು ಮೇಲಿನವರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಆಮೇಲೆ ಅವು ಆಟದ ನಿಯಮಗಳನ್ನೂ ಬದಲಿಸುತ್ತಾ ಹೋದವು. ಹದಿನೈದು ಇದ್ದದ್ದು ಹದಿಮೂರಾಯಿತು. ಯೂನಿಯನ್ನಿನವರು ಪೂರ್ತಿ ನೂರು ವರ್ಷ, ಅಂದರೆ 1995ರವರೆಗೆ, ದುಡ್ಡು ಮುಟ್ಟುವುದಿಲ್ಲ ಎಂದೇ ಹೇಳಿಕೊಂಡು ಬಂದರು. ಹದಿಮೂರರ ಆಟ ಆಡಿದವನನ್ನು ಜೀವಮಾನಕ್ಕೆ ಹೊರಗಿಟ್ಟರು.

ಹೇಳಿಕೊಂಡು ಬಂದರು ಎಂದೆ. ನಡೆದುಕೊಂಡರು ಎನ್ನಲಿಲ್ಲ. ನಿಮ್ಮ ಓದ್ ಜಿಲ್ಲೆಯಲ್ಲೇ ಕೀಯಾಂ ಎಂಬ ಪುಟ್ಟ ಊರಿದೆ. ಅಲ್ಲೊಬ್ಬ ಟೋಪಿ ಕಾರ್ಖಾನೆಯ ಮಾಲೀಕ ಬೇರೆ ಬೇರೆ ಊರುಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಕರೆತಂದು ಯೂನಿಯನ್ ತಂಡ ಕಟ್ಟಿದ. 1929ರಲ್ಲಿ ಆ ತಂಡ ಫ್ರಾನ್ಸಿನ ಚಾಂಪಿಯನ್ ಆಯಿತು. ಅವರೆಲ್ಲ ಟೋಪಿ ಹೊಲಿಯುವ ಆಸೆಗೆ ಬೆಟ್ಟದ ಬುಡಕ್ಕೆ ಬಂದರು ಎಂದು ನಂಬುವವರು ನಂಬಲಿ. ಇಂಥ ಮುಚ್ಚುಮರೆಯ ಸಂಬಳ ಮತ್ತು ಮೈದಾನದ ಹೊಡೆದಾಟ, ಇವೆರಡೂ ಬೇಡವೆಂದು 1931ರಲ್ಲಿ ಬ್ರಿಟಿಷ್ ಯೂನಿಯನ್‌ಗಳು ಫ್ರಾನ್ಸಿನ ಜತೆ ಆಡುವುದನ್ನೇ ನಿಲ್ಲಿಸಿದವು.

ಆ ಖಾಲಿ ಜಾಗಕ್ಕೆ ಹದಿಮೂರರ ಆಟ ಬಂತು. 1933ರ ಡಿಸೆಂಬರ್ 31ರಂದು ಪ್ಯಾರಿಸ್‌ನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಒಂದು ಪ್ರದರ್ಶನ ಪಂದ್ಯ ಆಡಿ ತೋರಿಸಿದವು. ಕೀಯಾಂ ತಂಡದಲ್ಲಿ ಆಡಿದ್ದ ಝಾನ್ ಗಾಲಿಯಾ ಎಂಬಾತನನ್ನು ಯೂನಿಯನ್ ಒಕ್ಕೂಟ ಹೊರಗೆ ಹಾಕಿತ್ತು. ಆತನೇ ಹುಡುಗರನ್ನು ಸೇರಿಸಿಕೊಂಡು 1934ರಲ್ಲಿ ಇಂಗ್ಲೆಂಡಿಗೆ ಹೋಗಿ ಆಡಿ ಬಂದ. ಅದೇ ವರ್ಷ ಫ್ರೆಂಚ್ ಲೀಗ್ ಹುಟ್ಟಿತು. ಐದೇ ವರ್ಷಕ್ಕೆ, 1939ರಲ್ಲಿ, ಫ್ರಾನ್ಸ್ ತಂಡ ಇಂಗ್ಲೆಂಡ್ ಮತ್ತು ವೇಲ್ಸ್ ಎರಡನ್ನೂ ಸೋಲಿಸಿ ಯುರೋಪಿನ ಕಪ್ ಗೆದ್ದಿತು. ನಿಮ್ಮ ಊರಿನ ಹದಿಮೂರರ ಕ್ಲಬ್ಬು ಶುರುವಾದದ್ದು 1938ರಲ್ಲಿ.

ಈ ಬೆಳವಣಿಗೆಯನ್ನು ತಡೆಯಲು ಯೂನಿಯನ್ನಿನವರಿಗೆ ಸಿಕ್ಕ ದಾರಿ ಯಾವುದು? ಆಟಗಾರರನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ, ಜನ ಬರುವುದನ್ನು ತಪ್ಪಿಸಲೂ ಆಗಲಿಲ್ಲ. ಮೈದಾನ ಮಾತ್ರ ಅವರ ಕೈಯಲ್ಲಿತ್ತು. ಹೊಸ ಆಟಕ್ಕೆ ಮೈದಾನ ಕೊಡಬೇಡಿ ಎಂದು ಪುರಸಭೆಗಳ ಮೇಲೆ ಒತ್ತಡ ಬಂತು. ಮೈದಾನ ಇಲ್ಲದೆ ಕ್ಲಬ್ಬು ಇಲ್ಲ. ಇದು ಗೊತ್ತಿದ್ದೇ ಮಾಡಿದ ಕೆಲಸ.

ಆಮೇಲೆ ಎರಡನೇ ಮಹಾಯುದ್ಧ ಬಂತು, ಜರ್ಮನಿಗೆ ಸೋತ ಫ್ರಾನ್ಸಿನಲ್ಲಿ ನಾಜಿಗಳ ಜತೆ ಕೈಜೋಡಿಸಿದ ವಿಶಿ ಸರ್ಕಾರ ಬಂತು. ಕ್ರೀಡೆಯಲ್ಲಿ ದುಡ್ಡು ಇರಬಾರದು ಎಂಬುದು ಆ ಸರ್ಕಾರದ ನೀತಿ. ಯೂನಿಯನ್ ಹಿನ್ನೆಲೆಯ ಕೆಲವರು ಸರ್ಕಾರದ ಕಿವಿಗೆ ಹತ್ತಿರ ಇದ್ದರು. 1941ರ ಡಿಸೆಂಬರ್ 19ರಂದು ಆ ಸರ್ಕಾರದ ಮುಖ್ಯಸ್ಥ ಪೆತಾಂ ಸಹಿ ಹಾಕಿದ ಆದೇಶವೊಂದರಿಂದ ಫ್ರೆಂಚ್ ರಗ್ಬಿ ಲೀಗ್ ಸಂಸ್ಥೆಯೇ ರದ್ದಾಯಿತು. ಅದರ ಆಸ್ತಿ ಪೂರ್ತಿಯಾಗಿ ರಾಷ್ಟ್ರೀಯ ಕ್ರೀಡಾ ಸಮಿತಿಗೆ ಹೋಯಿತು. ಆಡುತ್ತಿದ್ದ ಹುಡುಗರು ಒಂದೋ ಹದಿನೈದರ ಆಟಕ್ಕೆ ಹೋಗಬೇಕು, ಇಲ್ಲ ಮನೆಯಲ್ಲಿ ಕೂರಬೇಕು. ಯುದ್ಧ ಮುಗಿದ ಮೇಲೆ ಆಟ ಮತ್ತೆ ಶುರುವಾಯಿತು. ಆಸ್ತಿ ವಾಪಸ್ ಬರಲಿಲ್ಲ. ರಗ್ಬಿ ಎಂಬ ಹೆಸರನ್ನು ಬಳಸುವ ಹಕ್ಕೂ 1990ರ ದಶಕದ ಆರಂಭದವರೆಗೆ ಸಿಗಲಿಲ್ಲ. ವಿಶಿ ಕಾಲದಲ್ಲಿ ಕ್ರೀಡೆಗೆ ಏನಾಯಿತು ಎಂದು ಇತಿಹಾಸಕಾರರ ಸಮಿತಿಯೊಂದು ಸರ್ಕಾರಕ್ಕೆ ವರದಿ ಕೊಟ್ಟದ್ದು 2002ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ.

ಇದನ್ನು ನಿಮಗೆ ಹೇಳಬೇಕಾಗಿಲ್ಲ, ಮೇಯರ್ ಅವರೇ. ನಿಮ್ಮ ಊರಿನ ಅಜ್ಜಂದಿರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೂ ಹೇಳಿದೆ. ಶುಕ್ರವಾರ ರಾತ್ರಿ ಯೂನಿಯನ್ ಪಂದ್ಯ ಇದೆ, ನಿಮ್ಮ ಅಭ್ಯಾಸ ಪಕ್ಕದ ಮೈದಾನಕ್ಕೆ ಹಾಕಿಕೊಳ್ಳಿ ಎಂದು ಹದಿಮೂರಿನವರಿಗೆ ಯಾರಾದರೂ ಹೇಳಿದರೆ, ಅದು ಅವರ ಕಿವಿಗೆ ಬರೀ ವೇಳಾಪಟ್ಟಿಯ ಮಾತಾಗಿ ಕೇಳುವುದಿಲ್ಲ. ಮತ್ತೆ ಶುರು ಮಾಡಿದರು ನೋಡು ಎಂದೇ ಕೇಳುತ್ತದೆ. ಹದಿನೈದಿನ ಕ್ಲಬ್ಬಿನ ಇವತ್ತಿನ ಮ್ಯಾನೇಜರ್‌ಗೆ 1941 ಅಂದರೆ ಪಾಠದ ಪುಸ್ತಕ. ಅವರಿಗೆ ಟಿವಿಯವರು ದಿನ ಕೊಟ್ಟಿದ್ದಾರೆ, ಅವರು ಆಡಬೇಕು, ಅಷ್ಟೇ. ಇಬ್ಬರ ಮಾತೂ ನಿಜ. ಸುಮ್ನೆ ಇಬ್ಬರನ್ನೂ ಕೂರಿಸಿ ಕೈಕುಲುಕಿಸಿದರೆ ಇದು ಸರಿಹೋಗುವುದಿಲ್ಲ.

ಈಗ ದೊಮೆಕ್‌ನ ಹುಲ್ಲಿಗೆ ಬರೋಣ. ನಿಜವಾದ ತಂಟೆ ಇರುವುದು ಅಲ್ಲೇ.

ಇಂಗ್ಲೆಂಡಿನಲ್ಲಿ 1996ರಿಂದ ಹದಿಮೂರರ ಆಟದ ಮೇಲಿನ ದರ್ಜೆಯ ಪಂದ್ಯಾವಳಿಯನ್ನು, ಅಂದರೆ ಸೂಪರ್ ಲೀಗನ್ನು, ಬೇಸಿಗೆಗೆ ತಂದರು. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಹದಿಮೂರಿನವರು, ಸೆಪ್ಟೆಂಬರ್‌ನಿಂದ ಬೇಸಿಗೆಯ ಆರಂಭದವರೆಗೆ ಹದಿನೈದಿನವರು. ಮಧ್ಯದಲ್ಲಿ ಕೆಲವು ತಿಂಗಳು ಮಾತ್ರ ಇಬ್ಬರೂ ಒಟ್ಟಿಗೆ ಬರುತ್ತಾರೆ. ನಿಮ್ಮಲ್ಲಿ ಹಾಗಲ್ಲ. ಫ್ರಾನ್ಸಿನ ಒಳಗಿನ ಹದಿಮೂರರ ಪಂದ್ಯಾವಳಿ ಚಳಿಗಾಲದ್ದು. ಯೂನಿಯನ್ನಿನದೂ ಚಳಿಗಾಲದ್ದೇ. ಅಂದರೆ ಹುಲ್ಲು ಬೆಳೆಯದ ತಿಂಗಳುಗಳಲ್ಲೇ ಎರಡು ತಂಡಗಳೂ ಅದನ್ನು ತುಳಿಯುತ್ತವೆ. ನವೆಂಬರ್‌ನಲ್ಲಿ ಕಿತ್ತುಹೋದ ಜಾಗ ಮಾರ್ಚ್‌ವರೆಗೂ ಹಾಗೇ ಇರುತ್ತದೆ. ಊರಿನ ಗಾಳಿ ನೆಲ ಒಣಗಿಸುತ್ತದೆ ನಿಜ, ಆದರೆ ಗಾಳಿ ಬೇರು ಹಾಕಿಸುವುದಿಲ್ಲ.

ಯೂನಿಯನ್ ಕ್ಲಬ್ಬು 2010ರಲ್ಲಿ ಪ್ರೊ ಡಿ2ಗೆ, ಅಂದರೆ ದೇಶದ ಎರಡನೇ ದರ್ಜೆಗೆ ಏರಿತು. ಐವತ್ತು ಸಾವಿರವೂ ಜನ ಇಲ್ಲದ ಊರಿಗೆ ಅದು ದೊಡ್ಡ ಸಾಧನೆ. ಆದರೆ ಪ್ರೊ ಡಿ2 ಪಂದ್ಯಗಳು ಹೆಚ್ಚಾಗಿ ನಡೆಯುವುದು ಗುರುವಾರ, ಶುಕ್ರವಾರ ರಾತ್ರಿ. ದಿನ ಗೊತ್ತುಮಾಡುವುದು ಟಿವಿ. ಹದಿಮೂರಿನವರು ಆಡುವುದು ವಾರದ ಕೊನೆಗೆ. ಶುಕ್ರವಾರ ರಾತ್ರಿ ಮಳೆಯಲ್ಲಿ ಯೂನಿಯನ್ ಪಂದ್ಯ ಆದರೆ, ಹದಿಮೂರಿನವರಿಗೆ ಸಿಗುವುದು ಉತ್ತ ಗದ್ದೆ.

ಯಾರು ಜಾಸ್ತಿ ಹಾಳು ಮಾಡುತ್ತಾರೆ ಎಂಬ ಜಗಳ ಗ್ಯಾಲರಿಯಲ್ಲಿ ಯಾವಾಗಲೂ ಇದ್ದದ್ದೇ. ಎರಡೂ ಆಟ ನೋಡುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಯೂನಿಯನ್ನಿನ ಸ್ಕ್ರಮ್‌ನಲ್ಲಿ ಕಡೆಗೆ ಎಂಟೆಂಟು ಜನ, ಒಟ್ಟು ಹದಿನಾರು ಜನ ತಲೆ ಕೊಟ್ಟು ತಳ್ಳುತ್ತಾರೆ. ಒಬ್ಬೊಬ್ಬರೂ ನೂರು ಕಿಲೋ ಮೇಲೆ. ಒಂದೂವರೆ ಟನ್ನಿಗಿಂತ ಜಾಸ್ತಿ ಭಾರ ಬೂಟಿನ ಮೊಳೆಗಳ ಮೂಲಕ ಒಂದೇ ಜಾಗದ ಮೇಲೆ ಬೀಳುತ್ತದೆ. ಸ್ಕ್ರಮ್ ಕುಸಿದರೆ ಅದೇ ಜಾಗದಲ್ಲಿ ಮತ್ತೆ. ಹುಲ್ಲಿನ ಹಾಸು ಚಾಪೆಯ ಹಾಗೆ ಎದ್ದು ಬರುತ್ತದೆ. ಲೀಗ್‌ನ ಸ್ಕ್ರಮ್ ಈಗ ಬರೀ ಹೆಸರಿಗೆ, ಯಾರೂ ನಿಜವಾಗಿ ತಳ್ಳುವುದಿಲ್ಲ. ಹಾಗಂತ ಹದಿಮೂರಿನವರು ಹುಲ್ಲಿನ ಮೇಲೆ ಹೂವಿಟ್ಟು ನಡೆಯುತ್ತಾರೆ ಅಂತಲ್ಲ. ಅವರ ಆಟದಲ್ಲಿ ಹಿಡಿತಕ್ಕೆ ಸಿಕ್ಕವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹೀಗೆ ಒಂದು ತಂಡಕ್ಕೆ ಆರು ಅವಕಾಶ. ಇದು ಹೆಚ್ಚಾಗಿ ನಡೆಯುವುದು ಮೈದಾನದ ನಡುಪಟ್ಟಿಯಲ್ಲಿ. ಎಂಬತ್ತು ನಿಮಿಷದಲ್ಲಿ ಆ ಪಟ್ಟಿ ಬೋಳಾಗುತ್ತದೆ. ಹದಿನೈದಿನವರು ಗುಂಡಿ ಮಾಡುತ್ತಾರೆ, ಹದಿಮೂರಿನವರು ಸವೆಸುತ್ತಾರೆ. ಗುಂಡಿ ಕಣ್ಣಿಗೆ ಬೀಳುತ್ತದೆ, ಸವೆತ ಬೀಳುವುದಿಲ್ಲ. ಬೈಗುಳ ಹದಿನೈದಿನವರಿಗೆ ಜಾಸ್ತಿ ಸಿಗುವುದಕ್ಕೆ ಇದೂ ಒಂದು ಕಾರಣ.

ಗೆರೆಗಳದ್ದು ಇನ್ನೊಂದು ಗೋಳು. ಲೀಗ್‌ಗೆ ಪ್ರತಿ ಹತ್ತು ಮೀಟರಿಗೆ ಅಡ್ಡ ಗೆರೆ ಬೇಕು. ಯೂನಿಯನ್‌ಗೆ ಇಪ್ಪತ್ತೆರಡು ಮೀಟರಿನದು, ಐದು ಮತ್ತು ಹದಿನೈದು ಮೀಟರಿನ ತುಂಡು ಗೆರೆಗಳು ಬೇಕು. ಒಂದರ ಬಣ್ಣ ಮಾಸುವ ಮೊದಲೇ ಇನ್ನೊಂದನ್ನು ಬಳಿದರೆ, ದೂರದಿಂದ ನೋಡುವವರಿಗೆ ಮೈದಾನ ಚೌಕಾಬಾರದ ಮನೆ. ನಿಯಮದ ಪ್ರಕಾರ ಗೋಲು ಕಂಬಗಳ ನಡುವಿನ ಅಂತರವೂ ಬೇರೆ. ಯೂನಿಯನ್ನಿನದು 5.6 ಮೀಟರ್, ಲೀಗ್‌ನದು 5.5 ಮೀಟರ್. ಈ ಹತ್ತು ಸೆಂಟಿಮೀಟರಿಗೆ ಮಾತ್ರ ಇನ್ನೂ ಯಾರೂ ಜಗಳ ಆಡಿದ್ದನ್ನು ನಾನು ಕೇಳಿಲ್ಲ. ದಯವಿಟ್ಟು ಯಾರೂ ಶುರು ಮಾಡಬೇಡಿ.

ಈ ಎಲ್ಲದಕ್ಕೂ ತೀರ್ಪು ಕೊಡಬಲ್ಲವರು ಒಬ್ಬರೇ. ಬೆಳಿಗ್ಗೆ ಬೇಗ ಬಂದು ಹುಲ್ಲು ನೋಡಿಕೊಳ್ಳುವ ನಗರಸಭೆಯ ನೌಕರರು. ಇವತ್ತು ಆಡಿದರೆ ಮೂರು ವಾರ ಮೈದಾನ ಏಳುವುದಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಆದರೆ ಅವರ ಮಾತು ಎರಡೂ ಕ್ಲಬ್ಬುಗಳ ಮೇಲೆ ಒಂದೇ ಸಮ ನಡೆಯಬೇಕು. ಟಿವಿ ಪಂದ್ಯಕ್ಕೆ ಒಂದು ಅಳತೆ, ಟಿವಿ ಇಲ್ಲದ ಪಂದ್ಯಕ್ಕೆ ಇನ್ನೊಂದು ಅಳತೆ ಆದರೆ ಅವರ ಮಾತಿಗೆ ಬೆಲೆ ಇರುವುದಿಲ್ಲ. ಹುಲ್ಲಿಗೆ ವಾರಕ್ಕೆ ಎಷ್ಟು ಗಂಟೆ ತಡೆಯುವ ಶಕ್ತಿ ಇದೆ ಎಂದು ಋತುವಿನ ಮೊದಲೇ ಅವರನ್ನೇ ಕೇಳಿ. ಆ ಲೆಕ್ಕ ಒಪ್ಪಂದದಲ್ಲಿ ಬರಲಿ. ಅಭ್ಯಾಸ, ಮಕ್ಕಳ ಪಂದ್ಯ, ಮಹಿಳಾ ತಂಡಗಳ ಪಂದ್ಯ ಎಲ್ಲವೂ ಆ ಗಂಟೆಗಳ ಒಳಗೇ ಬರಬೇಕು. ದೊಡ್ಡವರು ಜಗಳ ಆಡುವಾಗ ಮೊದಲು ಮೈದಾನ ಕಳೆದುಕೊಳ್ಳುವವರು ಮಕ್ಕಳು ಮತ್ತು ಹೆಣ್ಣುಮಕ್ಕಳು. ಎಲ್ಲ ದೇಶದಲ್ಲೂ ಇದು ಹೀಗೇ.

ಕಾನೂನು ನಿಮ್ಮ ಕಡೆಗೇ ಇದೆ. ಫ್ರಾನ್ಸಿನಲ್ಲಿ ಸಾರ್ವಜನಿಕ ಜಾಗವನ್ನು ಲಿಖಿತ ಅನುಮತಿ ಇಲ್ಲದೆ ಯಾರೂ ಬಳಸುವಂತಿಲ್ಲ. ಸಾಮಾನ್ಯವಾಗಿ ಅದಕ್ಕೆ ಶುಲ್ಕವೂ ಇರಬೇಕು. ವರ್ಷಕ್ಕೆ 23,000 ಯೂರೋಗಿಂತ ಜಾಸ್ತಿ ಸಹಾಯಧನ ಪಡೆಯುವ ಸಂಘದ ಜತೆ ಲಿಖಿತ ಒಪ್ಪಂದ ಕಡ್ಡಾಯ. 1978ರ ಕಾನೂನಿನ ಪ್ರಕಾರ ಇಂಥ ಕಾಗದಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಬೆಂಗಳೂರಿನಲ್ಲಿ ನಾವು ಇದನ್ನು ಆರ್‌ಟಿಐ ಎನ್ನುತ್ತೇವೆ, ಅದು ನಮಗೆ ಬಂದದ್ದು 2005ರಲ್ಲಿ. ಹಾಗಾಗಿ ಗುಟ್ಟಾಗಿದ್ದದ್ದನ್ನು ಬಯಲು ಮಾಡಿ ಎಂದು ನಾನು ಕೇಳುತ್ತಿಲ್ಲ. ಅರ್ಜಿ ಹಾಕಿ, ಕಾದು, ಪಡೆಯಬೇಕಾದ್ದನ್ನು ಗೇಟಿನ ಹತ್ತಿರವೇ ಓದುವ ಹಾಗೆ ಮಾಡಿ ಎನ್ನುತ್ತಿದ್ದೇನೆ. ಕ್ಲಬ್ಬು ಕ್ಲಬ್ಬಿಗೂ ಬೇರೆ ಬೇರೆ ಒಪ್ಪಂದ ಇದ್ದರೆ, ಒಬ್ಬರಿಗೆ ಏನು ಸಿಕ್ಕಿತು ಎಂದು ಇನ್ನೊಬ್ಬರು ಊಹಿಸುತ್ತಾ ಕೂರುತ್ತಾರೆ. ಊಹೆ ಯಾವಾಗಲೂ ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ನಮ್ಮ ಹಳ್ಳಿಗಳಲ್ಲಿ ಒಂದೇ ಪಾಲುಪತ್ರ ಬರೆದು ಎಲ್ಲರ ಮುಂದೆ ಓದುವುದು ಇದಕ್ಕೇ.

ಬೇರೆ ಊರುಗಳು ಏನು ಮಾಡಿದವು ನೋಡಿ. ಪರ್ಪಿನ್ಯಾದಲ್ಲಿ ಎರಡು ಆಟಕ್ಕೂ ಬೇರೆ ಬೇರೆ ಮೈದಾನ. ಹದಿನೈದಿನವರದು ಎಮೆ ಝಿರಾಲ್, ಹದಿಮೂರಿನವರದು ಝಿಲ್ಬೇರ್ ಬ್ರೂಟಸ್. ಆದರೆ 2006ರಲ್ಲಿ ಆ ಊರಿನ ಹದಿಮೂರಿನ ತಂಡ ಕ್ಯಾಟಲನ್ ಡ್ರಾಗನ್ಸ್ ಮೊದಲ ಸಲ ಸೂಪರ್ ಲೀಗ್‌ಗೆ ಬಂದಾಗ ಬ್ರೂಟಸ್ ಮೈದಾನ ಸಿದ್ಧ ಇರಲಿಲ್ಲ. ಆ ವರ್ಷ ಅವರ ಹಲವು ಮನೆಪಂದ್ಯಗಳಿಗೆ ಜಾಗ ಕೊಟ್ಟದ್ದು ಹದಿನೈದಿನವರ ಎಮೆ ಝಿರಾಲ್. ಫೆಬ್ರವರಿಯಲ್ಲಿ ವಿಗನ್ ತಂಡವನ್ನು ಸೋಲಿಸಿ ಡ್ರಾಗನ್ಸ್ ಖಾತೆ ತೆರೆದದ್ದೂ ಅಲ್ಲೇ. ಇನ್ನೊಂದು ವಿಷಯ ಇದೆ. ಹದಿಮೂರಿನವರ ಮೈದಾನಕ್ಕೆ ಹೆಸರು ಕೊಟ್ಟ ಝಿಲ್ಬೇರ್ ಬ್ರೂಟಸ್ ಅಸಲಿಗೆ ಯೂನಿಯನ್ ಆಟಗಾರ. ಕೀಯಾಂ ತಂಡವನ್ನು ಪಳಗಿಸಿದ್ದವನು. ಯುದ್ಧಕಾಲದಲ್ಲಿ ಭೂಗತ ಹೋರಾಟ ಸೇರಿ, 1944ರಲ್ಲಿ ನಾಜಿಗಳ ಚಿತ್ರಹಿಂಸೆಯಿಂದ ಸತ್ತ. ಹದಿನೈದಿನವರೆಲ್ಲ ವಿಶಿಯ ಕಡೆಯವರು ಎಂದು ಬಾರಿನಲ್ಲಿ ಕೂಗುವ ನನ್ನ ಹದಿಮೂರಿನ ಗೆಳೆಯರು ಈ ಹೆಸರನ್ನು ಒಂದು ಸಲ ನೆನಪಿಸಿಕೊಂಡರೆ ಚೆನ್ನ.

ನಮ್ಮ ತುಲೂಸ್‌ನಲ್ಲಿ ಕಥೆ ಬೇರೆ ಥರ. ಸ್ಟಾಡ್ ತುಲೂಝಾಂ ಯೂನಿಯನ್ ಲೋಕದ ರಾಜ, ಆರು ಯುರೋಪಿಯನ್ ಕಪ್ ಗೆದ್ದ ಕ್ಲಬ್ಬು. ಅವರ ಎರ್ನೆಸ್ಟ್ ವಾಲೋನ್ ಮೈದಾನ ನಗರದ್ದಲ್ಲ, ಕ್ಲಬ್ಬಿನ ಬಳಗದ ಸ್ವಂತದ್ದು. ಊರಿನ ಹದಿಮೂರಿನ ತಂಡ ತುಲೂಸ್ ಒಲಿಂಪಿಕ್ ಮಿನಿಮ್ ಬಡಾವಣೆಯಿಂದ ಹೊರಟು, ಏರ್‌ಬಸ್ ಇರುವ ಬ್ಲಾನ್ಯಾಕ್‌ನಲ್ಲಿ ಸ್ವಲ್ಪ ಕಾಲ ಆಡಿ, ಕೊನೆಗೆ ಈ ವಾಲೋನ್‌ಗೆ ಬಂತು. 2021ರ ಅಕ್ಟೋಬರ್‌ನಲ್ಲಿ ಫೆದರ್‌ಸ್ಟನ್ ತಂಡವನ್ನು 34-12ರಿಂದ ಸೋಲಿಸಿ ಸೂಪರ್ ಲೀಗ್‌ಗೆ ಏರಿದ್ದು ಅದೇ ಹುಲ್ಲಿನ ಮೇಲೆ. ಅಜ್ಜನ ಕಾಲದಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಆದರೂ ಅಲ್ಲಿ ಯಜಮಾನ ಯಾರು, ಬಾಡಿಗೆದಾರ ಯಾರು ಎಂಬುದು ಎಲ್ಲರಿಗೂ ಗೊತ್ತು. ಆಸ್ತಿ ಅವರದು, ಹಾಗಾಗಿ ಮೊದಲ ಮಾತು ಅವರದು. ಕೇಳಲು ಹಿತ ಇಲ್ಲದಿದ್ದರೂ ಲೆಕ್ಕ ನೇರ ಇದೆ.

ದೊಮೆಕ್ ಹಾಗಲ್ಲ. ಅಲ್ಲಿ ಇಬ್ಬರೂ ಬಾಡಿಗೆದಾರರೇ. ಯಜಮಾನ ನೀವು. ಟಿವಿ ಇದೆ, ಜಾಹೀರಾತು ಇದೆ, ದೊಡ್ಡ ಬಜೆಟ್ ಇದೆ ಅಂತ ಒಬ್ಬ ಬಾಡಿಗೆದಾರ ನಿಧಾನವಾಗಿ ಯಜಮಾನನ ಹಾಗೆ ನಡೆದುಕೊಳ್ಳಲು ಶುರು ಮಾಡುವುದು ಸಹಜ. ಕೆಟ್ಟ ಬುದ್ಧಿ ಬೇಕಿಲ್ಲ, ಯಾರೂ ಕೇಳದಿದ್ದರೆ ಸಾಕು. ಗೋಡೆಯ ಮೇಲಿನ ಜಾಹೀರಾತು ಬೋರ್ಡುಗಳು ಇಡೀ ವರ್ಷ ಅವರದೇ ಆಗುತ್ತವೆ. ದೊಡ್ಡ ಡ್ರೆಸಿಂಗ್ ರೂಮ್ ಅವರದೇ ಆಗುತ್ತದೆ. ತಿಂಡಿ, ಬಿಯರ್ ಮಾರುವ ಕೌಂಟರಿನ ದುಡ್ಡು ಯಾರಿಗೆ ಹೋಗುತ್ತದೆ ಎಂಬುದು ಬಾಯಿಮಾತಿನಲ್ಲೇ ಉಳಿಯುತ್ತದೆ. ಸಣ್ಣ ಕ್ಲಬ್ಬಿಗೆ ಟಿಕೆಟ್ಟಿಗಿಂತ ಆ ಕೌಂಟರೇ ಮುಖ್ಯ, ಅಲ್ವಾ? ಇವನ್ನೂ ಒಪ್ಪಂದದಲ್ಲಿ ಬರೆಯಿರಿ.

ಹದಿನೈದಿನವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ರಾತ್ರಿ ಪಂದ್ಯಕ್ಕೆ, ಟಿವಿಗೆ ಬೇಕಾದ ದೀಪ, ಆಸನ, ಒಳಚರಂಡಿ, ಇವೆಲ್ಲಕ್ಕೂ ವೃತ್ತಿಪರ ಲೀಗಿನ ನಿಯಮಗಳೇ ಒತ್ತಾಯ ಮಾಡುತ್ತವೆ. ಆ ದೀಪದ ಕೆಳಗೆ ಹದಿಮೂರಿನವರೂ ಆಡುತ್ತಾರೆ. ಯೂನಿಯನ್ ತಂಡ ಇಲ್ಲದಿದ್ದರೆ ಮೈದಾನ ಪೂರ್ತಿ ನಮ್ಮದಾಗುತ್ತಿತ್ತು ಎನ್ನುವವರು, ಆ ಮೈದಾನ ಯಾವ ಸ್ಥಿತಿಯಲ್ಲಿ ಇರುತ್ತಿತ್ತು ಎಂದು ಯೋಚಿಸಿದಂತಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1998ರಲ್ಲಿ ಎರಡೂ ತಂಡಗಳನ್ನು ಒಂದೇ ಕಂಪನಿಯ ಕೆಳಗೆ ತಂದು ಹೆಡಿಂಗ್ಲಿಯಲ್ಲಿ ಆಡಿಸಿದರು. ಅಲ್ಲಿ ಲೀಗ್ ತಂಡ ದೊಡ್ಡದು. ಕಾಲಕ್ರಮೇಣ ಜಾಗ ಬಿಟ್ಟು ಹೊರಟದ್ದು ಯೂನಿಯನ್ ತಂಡ. ಹಾಗಾಗಿ ಇದು ಯಾವ ಆಟ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಪ್ರಶ್ನೆ ಅಲ್ಲ. ಎಲ್ಲಿ ಯಾರು ದೊಡ್ಡವರೋ ಅಲ್ಲಿ ಚಿಕ್ಕವರು ಜಾಗ ಬಿಡುತ್ತಾರೆ.

ನನ್ನ ಊರಿನ ಮಾತನ್ನೂ ಹೇಳಿಬಿಡುತ್ತೇನೆ, ಬೋಧನೆ ಮಾಡುವ ಮೊದಲು ಮನೆ ನೋಡಿಕೋ ಎಂದು ಯಾರಾದರೂ ಹೇಳುವ ಮುಂಚೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ಓಟಗಾರರ ಟ್ರ್ಯಾಕ್ ಇರುವ ಜಾಗ. 2014ರಿಂದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಅಲ್ಲಿ ಆಡುತ್ತಿದೆ. ಜನ ತುಂಬಿದರು, ಡೋಲು ಬಾರಿಸಿದರು, ಊರಿಗೆ ಒಂದು ಫುಟ್‌ಬಾಲ್ ಹಬ್ಬ ಬಂತು. ನಾನೂ ಖುಷಿಪಟ್ಟವನೇ. ಆದರೆ ಈಟಿ, ಡಿಸ್ಕಸ್, ಹ್ಯಾಮರ್ ಎಸೆಯುವ ಹುಡುಗ ಹುಡುಗಿಯರಿಗೆ ನಡುವಿನ ಹುಲ್ಲು ಬೇಕಲ್ಲ, ಅದು ಫುಟ್‌ಬಾಲಿನದಾಯಿತು. ಪಂದ್ಯದ ದಿನ ಟ್ರ್ಯಾಕಿಗೂ ಬರುವ ಹಾಗಿಲ್ಲ. ಅಥ್ಲೆಟಿಕ್ಸ್ ಕೋಚ್‌ಗಳು ಪ್ರತಿಭಟಿಸಿದರು, ವಿಷಯ ಹೈಕೋರ್ಟಿಗೂ ಹೋಯಿತು. ಅಲ್ಲೂ ಜಾಗ ಸರ್ಕಾರದ್ದು. ಯಾರಿಗೆ ಯಾವ ಗಂಟೆ ಎಂಬ ಪಟ್ಟಿ ಮೊದಲ ದಿನವೇ ಗೇಟಿನಲ್ಲಿ ಇದ್ದಿದ್ದರೆ ಇಷ್ಟು ದೂರ ಹೋಗುತ್ತಿತ್ತೇ? ನಿಮ್ಮಲ್ಲಿ ಇನ್ನೂ ಕೋರ್ಟಿಗೆ ಹೋಗುವ ಮಾತು ಯಾರ ಬಾಯಲ್ಲೂ ಕೇಳಿಲ್ಲ. ಕೇಳುವ ಮೊದಲೇ ಮಾಡಿ.

ಎರಡೂ ಕ್ಲಬ್ಬಿನ ಅಭಿಮಾನಿಗಳಿಗೆ ಒಂದೆರಡು ಮಾತು. ನೀವು ತೊಡುವ ಬಣ್ಣ ಒಂದೇ, ಹಳದಿ ಕಪ್ಪು. ದೂರದಿಂದ ಬಂದ ನನ್ನಂಥವನಿಗೆ ಅಂಗಿ ನೋಡಿ ಯಾರು ಯಾವ ಕಡೆ ಎಂದು ಹೇಳಲೂ ಆಗುವುದಿಲ್ಲ. ಮೈದಾನಕ್ಕೆ ಇಟ್ಟ ಹೆಸರು ಯೂನಿಯನ್ ಆಡಿದ ದೊಮೆಕ್‌ದು. ಆ ಮೈದಾನದಲ್ಲಿ ಆಡಿ ಲೋಕಕ್ಕೆಲ್ಲ ಹೆಸರಾದವನು ಲೀಗ್‌ನ ಪುಯಿಗ್ ಒಬೆರ್. ಸಿಗರೇಟು ಸೇದುವ ಚಟಕ್ಕೆ ಪಿಪೆಟ್ ಎಂದು ಅಡ್ಡಹೆಸರು ಪಡೆದ ಆ ಫುಲ್‌ಬ್ಯಾಕ್ 1951ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ಸರಣಿಯನ್ನು 2-1ರಿಂದ ಗೆಲ್ಲಿಸಿಕೊಂಡು ಬಂದ. ಆದರೆ ಅದೇ ಪುಯಿಗ್ ಒಬೆರ್ 1944ರಲ್ಲಿ ಪರ್ಪಿನ್ಯಾದ ಯೂನಿಯನ್ ತಂಡದಲ್ಲಿ ಫ್ರಾನ್ಸಿನ ಚಾಂಪಿಯನ್ ಆಗಿದ್ದ. ಆಗ ಹದಿಮೂರರ ಆಟಕ್ಕೆ ನಿಷೇಧ ಇತ್ತು, ಬೇರೆ ದಾರಿ ಇರಲಿಲ್ಲ. ನಿಷೇಧ ಹೋದ ಕೂಡಲೇ ಕಾರ್ಕಸೋನ್‌ಗೆ ಬಂದು ಹದಿಮೂರು ಆಡಿದ. ಅವನನ್ನು ಎರಡೂ ಕಡೆಯವರು ತಮ್ಮವನು ಅನ್ನಬಹುದು. ನಾನಾಗಿದ್ದರೆ ಹದಿಮೂರಿನವರಿಗೇ ಬಿಡುತ್ತಿದ್ದೆ, ಅವನೇ ಆರಿಸಿಕೊಂಡದ್ದು ಅದನ್ನೇ.

ಮೇಯರ್ ಅವರೇ, ಯೂನಿಯನ್ನಿನ ಮುಂದಿನ ವೇಳಾಪಟ್ಟಿ ಬೇಸಿಗೆಯಲ್ಲಿ ಬರುತ್ತದೆ. ಅದು ಬಂದ ಮೇಲೆ ಹದಿಮೂರಿನವರನ್ನು ಕರೆದು ಉಳಿದ ದಿನ ತೋರಿಸಬೇಡಿ. ಅದಕ್ಕೂ ಮೊದಲೇ ಇಬ್ಬರನ್ನೂ, ಹುಲ್ಲು ನೋಡಿಕೊಳ್ಳುವವರನ್ನೂ ಒಂದೇ ಮೇಜಿಗೆ ಕರೆಯಿರಿ. ಹದಿಮೂರಿನವರಿಗೆ ಯಾರೂ ಕದಲಿಸಲಾಗದ ಒಂದಷ್ಟು ದಿನಗಳನ್ನು ಮೊದಲೇ ಬರೆದಿಡಿ. ಆ ದಿನಗಳಲ್ಲಿ ದೊಮೆಕ್ ಸಿಗುವುದಿಲ್ಲ ಎಂದು ಯೂನಿಯನ್ ಕ್ಲಬ್ಬು ತನ್ನ ಲೀಗಿಗೆ ಮುಂಚಿತವಾಗಿ ತಿಳಿಸಲಿ. ಅವರ ಮನೆಪಂದ್ಯಗಳನ್ನು ಬೇರೆ ವಾರಗಳಿಗೆ ಹಾಕಲು ಆಗ ಅವಕಾಶ ಇರುತ್ತದೆ. ದೊಡ್ಡ ಮಳೆ ಬಂದರೆ ಆಡಲು ಎರಡನೇ ಮೈದಾನ ಯಾವುದು ಎಂದೂ ಬರೆಯಿರಿ, ಮತ್ತು ಅಲ್ಲಿಗೆ ಪ್ರತಿ ಸಲ ಒಂದೇ ಕ್ಲಬ್ಬು ಹೋಗದ ಹಾಗೆ ಸರದಿ ಇರಲಿ.

ಕಾಗದ ಸಿದ್ಧವಾದರೆ ಗೇಟಿನಲ್ಲಿ ಫ್ರೆಂಚಿನಲ್ಲಿ ಹಾಕಿ. ಕನ್ನಡಕ್ಕೆ ಮಾಡಿ ನಮ್ಮ ತುಲೂಸ್ ಬಳಗಕ್ಕೆ ಕಳಿಸುವ ಕೆಲಸ ನನಗಿರಲಿ. ಕೋಟೆಗೆ ಬರುವವರಲ್ಲಿ ಕೆಲವರನ್ನಾದರೂ ಮಧ್ಯಾಹ್ನ ದೊಮೆಕ್‌ಗೆ ಕರೆತರಲು, ಇವತ್ತು ಯಾವ ಆಟ ಅಂತ ನನಗೂ ಗೊತ್ತಿರಬೇಕಲ್ಲ.

ಇಂತಿ,
ಎರಡೂ ಕಡೆ ಟಿಕೆಟ್ ಕೊಳ್ಳುವ
ತುಲೂಸ್‌ನ ಒಬ್ಬ ಕನ್ನಡಿಗ